ಇಂಗ್ಲಿಷ್‌ನಲ್ಲಿ ಮೇಲ್ ಬರೆದರೆ ಯಾಕೆ ಯಾರೂ ಉತ್ತರ ಕೊಡಲ್ಲ?

ಮಳೆಮನೆ ಕಕ್ಕಬ್ಬೆ
ಎಲ್ಲರಿಗೂ ನಮಸ್ಕಾರ. ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದೊಂದು ಮೂರು ರೂಮಿನ ಹೋಮ್‌ಸ್ಟೇ ಇದೆ. ಬುಕಿಂಗ್ ಮಾಡಿಸಿಕೊಡುವ ಒಂದು ಆನ್‌ಲೈನ್ ಕಂಪನಿಯಿಂದ (ಹೆಸರು ಬೇಡ ಬಿಡಿ) 18,400 ರೂಪಾಯಿ ಬರಬೇಕು. ಅತಿಥಿಗಳು ಬಂದರು, ಎರಡು ರಾತ್ರಿ ಇದ್ದರು, ತಡಿಯಂಡಮೋಳ್ ಬೆಟ್ಟ ಹತ್ತಿ ಜಿಗಣೆ ಕಚ್ಚಿಸಿಕೊಂಡು ಖುಷಿಯಾಗಿ ಹೋದರು. ದುಡ್ಡು ಮಾತ್ರ ಬಂದಿಲ್ಲ. ಫೋನ್ ಮಾಡಿದರೆ 'ಮೇಲ್ ಹಾಕಿ ಮೇಡಂ' ಅಂತಾರೆ. ಮೂರು ಮೇಲ್ ಹಾಕಿದೆ. ಸದ್ದಿಲ್ಲ.

ನಾನು ಓದಿದ್ದು ಕನ್ನಡ ಮೀಡಿಯಂ. ಶಾಲೆಯಲ್ಲಿ ಲೀವ್ ಲೆಟರ್ ಕಲಿಸಿದ್ದರಲ್ಲ, ಅದೇ ಧಾಟಿಯಲ್ಲಿ ಬರೆದೆ. 'ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ರನ್ನಿಂಗ್ ಎ ಹೋಮ್‌ಸ್ಟೇ ಸಿನ್ಸ್ ಸಿಕ್ಸ್ ಇಯರ್ಸ್' ಅಂತ ಶುರು. ಹೀಗೇ ಒಂದು ಪುಟ. ಕೊನೆಗೆ 'ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ಆಬ್ಲೈಜ್'. ಸಬ್ಜೆಕ್ಟ್ ಅಂತ ಇರುವ ಕಡೆ 'ರಿಕ್ವೆಸ್ಟ್' ಅಂತ ಹಾಕಿದೆ.

ಮಗಳು ಓದಿ ನಕ್ಕಳು. 'ಅಮ್ಮ, ನಿನ್ನ ದುಡ್ಡು ನೀನು ಕೇಳೋಕೆ ಭಿಕ್ಷೆ ಯಾಕೆ ಬೇಡ್ತೀಯ?' ಅಂದಳು. 'ಸರಿ, ನೀನೇ ಬರಿ' ಅಂದೆ. ಅವಳೂ ಎರಡು ಸಾಲು ಬರೆದು ಅಳಿಸಿ ಎದ್ದು ಹೋದಳು. ಗೊತ್ತಿದ್ದವರು ಹೇಳಿ, ಇಂಥದ್ದನ್ನು ಸರಿಯಾಗಿ ಹೇಗೆ ಬರೆಯೋದು?

ಸುಮ್ನೆ ಬಂದೆ
ನೀಡ್‌ಫುಲ್ ಮಾಡಿ ಅಂದಿರಿ. ಏನು ಮಾಡಬೇಕು ಅಂತ ಅವರು ಇನ್ನೂ ಯೋಚನೆ ಮಾಡ್ತಾ ಇರಬಹುದು ಅಕ್ಕ.

ಸೀಮೆಸುಣ್ಣ
ತಂಗೀ, ತಪ್ಪು ನಿಮ್ಮದಲ್ಲ, ನಮ್ಮಂಥ ಮೇಷ್ಟ್ರುಗಳದ್ದು. ವಿರಾಜಪೇಟೆ ಕಡೆ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಆ 'ಬೆಗ್ ಟು ಸ್ಟೇಟ್' ಅನ್ನು ನನಗೆ ನನ್ನ ಮೇಷ್ಟ್ರು ಬರೆಸಿದರು, ನಾನು ಮಕ್ಕಳಿಗೆ ಬರೆಸಿದೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ.

ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ನಮ್ಮಜ್ಜ ಜಮ್ಮಾ ಜಮೀನಿನ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಹಿಡುವಳಿ) ವಿಚಾರವಾಗಿ ಮಡಿಕೇರಿಗೆ ಬರೆದ ಅರ್ಜಿಯ ನಕಲು ಇದೆ. ಕೊನೆಯ ಸಾಲು: 'ಐ ಹ್ಯಾವ್ ದ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್.' ಕೊಡಗು 1834ರಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯಿತಲ್ಲ, ಆಮೇಲೆ ಅರ್ಜಿ ಅಂದರೆ ಹೀಗೇ. ಅವರು ಹೋದರು, ಅವರ ದೇಶದಲ್ಲೇ ಈ ಮಾತು ಸತ್ತಿತು. ನಮ್ಮ ಲೀವ್ ಲೆಟರ್‌ನಲ್ಲಿ ಮಾತ್ರ ಇನ್ನೂ ಉಸಿರಾಡ್ತಾ ಇದೆ.

ಇನ್ನೊಂದು ಸಣ್ಣದು. 'ಐ ಆಮ್ ರನ್ನಿಂಗ್ ಸಿನ್ಸ್ ಸಿಕ್ಸ್ ಇಯರ್ಸ್' ಅಲ್ಲ, 'ಐ ಹ್ಯಾವ್ ಬೀನ್ ರನ್ನಿಂಗ್ ಫಾರ್ ಸಿಕ್ಸ್ ಇಯರ್ಸ್'. ಇಸವಿ ಹೇಳುವುದಾದರೆ ಸಿನ್ಸ್, ಎಷ್ಟು ವರ್ಷ ಅಂತ ಹೇಳುವುದಾದರೆ ಫಾರ್. ಆದರೆ ನಿಮ್ಮ ಕೆಲಸಕ್ಕೆ ಆ ವಾಕ್ಯವೇ ಬೇಡ. ಆರು ವರ್ಷದಿಂದ ನಡೆಸುತ್ತೀರೋ ಅರವತ್ತರಿಂದಲೋ, ಅವರಿಗೇನು?

ನಾಪೋಕ್ಲು ಹುಡುಗ
ಅಕ್ಕ, ನಾನು ಬೆಂಗಳೂರಲ್ಲಿ ಎರಡು ವರ್ಷ ಇಂಥದ್ದೇ ಒಂದು ಕಂಪನಿಯ ಸಪೋರ್ಟ್ ಟೀಮ್‌ನಲ್ಲಿದ್ದೆ. ಆ ಕಡೆ ಕೂತವನಿಗೆ ಏನು ಕಾಣುತ್ತೆ ಅಂತ ಹೇಳ್ತೀನಿ.

ಪರದೆ ಮೇಲೆ ಸಾಲುಸಾಲು ಮೇಲ್. ಕಾಣೋದು ಸಬ್ಜೆಕ್ಟ್ ಮತ್ತೆ ಮೊದಲ ಒಂದು ಸಾಲು, ಅಷ್ಟೇ. ನಿಮ್ಮದು ಕಾಣೋದು ಹೀಗೆ: 'ರಿಕ್ವೆಸ್ಟ್. ರೆಸ್ಪೆಕ್ಟೆಡ್ ಸರ್ ವಿತ್ ಡ್ಯೂ ರೆಸ್ಪೆಕ್ಟ್...' ಅಲ್ಲಿಗೆ ಮುಗೀತು. ದುಡ್ಡಿನ ವಿಚಾರವಾ, ರೂಮಿನ ಫೋಟೋ ಬದಲಾಯಿಸೋದಾ, ಏನೂ ಗೊತ್ತಾಗಲ್ಲ. ಬುಕಿಂಗ್ ನಂಬರ್ ಇಲ್ಲದ ಮೇಲ್ ಬಂದರೆ ನಾವು ಪಕ್ಕಕ್ಕಿಡ್ತಾ ಇದ್ದೆವು. ಕೆಟ್ಟ ಬುದ್ಧಿಯಿಂದ ಅಲ್ಲ, ಹುಡುಕೋಕೆ ಟೈಮ್ ಇರ್ತಿರಲಿಲ್ಲ. ಸಂಜೆ ನೋಡೋಣ ಅಂತ ಇಟ್ಟಿದ್ದು ಸಂಜೆಗೆ ಕೆಳಗೆ ಹೋಗಿಬಿಡುತ್ತೆ.

ಸಬ್ಜೆಕ್ಟ್‌ನಲ್ಲೇ ಮೂರು ವಿಷಯ ಹಾಕಿ: ದುಡ್ಡು ಬಂದಿಲ್ಲ, ಬುಕಿಂಗ್ ನಂಬರ್ ಇಷ್ಟು, ಮೊತ್ತ ಇಷ್ಟು. ಮತ್ತೆ ಮೂರು ಸಲ ಹೊಸದಾಗಿ ಮೇಲ್ ಬರೆದಿರಾ? ಹಾಗಾದರೆ ಮೂರು ಬೇರೆ ಬೇರೆ ದೂರು ಆಗಿರುತ್ತೆ, ಮೂರು ಜನರ ಹತ್ತಿರ ಹೋಗಿರುತ್ತೆ. ಹಳೇ ಮೇಲ್ ತೆಗೆದು ಅದಕ್ಕೇ ರಿಪ್ಲೈ ಹಾಕಿ. ಆಗ ಎಲ್ಲಾ ಒಂದೇ ಕಡೆ ಇರುತ್ತೆ.

ಹಾರಂಗಿ ನೀರು
ನನಗೆ ಬೇರೆಯದೇ ಪ್ರಶ್ನೆ. ಯಾಕೆ ಇಂಗ್ಲಿಷ್? ಕರ್ನಾಟಕದಲ್ಲಿ 1963ರಿಂದ ರಾಜಭಾಷಾ ಕಾಯ್ದೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಅರ್ಜಿಯನ್ನು ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬಹುದು ಅಂತ ಬರೆದೇ ಇದೆ. ಕುಶಾಲನಗರದ ನಮ್ಮ ಬೀದಿಯಲ್ಲಿ ಚರಂಡಿಗೆ ಅರ್ಜಿ ಕೊಡೋಕೆ ಜನ ಸೈಬರ್ ಅಂಗಡಿಗೆ ಹೋಗಿ 50 ರೂಪಾಯಿ ಕೊಟ್ಟು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಸ್ತಾರೆ. ಬರೆದವನಿಗೂ ಅರ್ಥ ಆಗಲ್ಲ, ಓದುವವನಿಗೂ ಬೇಕಿಲ್ಲ.

ನಾಪೋಕ್ಲು ಹುಡುಗ
ಅಣ್ಣ, ಚರಂಡಿಗೆ ಒಪ್ಪಿದೆ. ಇದು ಎಲ್ಲೋ ಉತ್ತರದ ಕಡೆ ಕೂತಿರೋ ಕಂಪನಿ. ಅಲ್ಲಿನ ಹುಡುಗ ಕನ್ನಡ ಅಕ್ಷರ ನೋಡಿ ಜಿಲೇಬಿ ಅಂದುಕೊಳ್ತಾನೆ.

ಹಾರಂಗಿ ನೀರು
ಕರ್ನಾಟಕದ ಮನೆ ತೋರಿಸಿ ವ್ಯಾಪಾರ ಮಾಡೋಕೆ ಕನ್ನಡ ಬೇಡ, ಜಿಲೇಬಿ ತಿನ್ನೋಕೆ ಮಾತ್ರ ಬೇಕು, ಅಲ್ವಾ.

ಟಪ್ಪಾಲು
ನಾನು ಮಡಿಕೇರಿಯಲ್ಲಿ ಕಚೇರಿ ಗುಮಾಸ್ತೆ. ದಿನವೂ ಅರ್ಜಿ ತೆಗೆದುಕೊಂಡು ಸೀಲ್ ಹೊಡೆಯುವ ಕೆಲಸ. ಅಕ್ಕ, ನಿಮಗೆ ಗೊತ್ತಿರೋದನ್ನೇ ಯಾಕೆ ಹೊಸದಾಗಿ ಕಲಿಯುತ್ತೀರಿ? ಕನ್ನಡ ಅರ್ಜಿ ಹೇಗೆ ಬರೆಯುತ್ತೀರಿ? 'ಇಂದ', 'ಗೆ', 'ಮಾನ್ಯರೇ', ಆಮೇಲೆ 'ವಿಷಯ', 'ಉಲ್ಲೇಖ', ಕೊನೆಗೆ 'ತಮ್ಮ ವಿಶ್ವಾಸಿ'. ಇಂಗ್ಲಿಷ್‌ನಲ್ಲೂ ಅದೇ ಚೌಕಟ್ಟು. ವಿಷಯ ಅಂದರೆ ಸಬ್ಜೆಕ್ಟ್, ಉಲ್ಲೇಖ ಅಂದರೆ ರೆಫರೆನ್ಸ್, ತಮ್ಮ ವಿಶ್ವಾಸಿ ಅಂದರೆ ಯುವರ್ಸ್ ಫೇತ್‌ಫುಲಿ. ಈಮೇಲ್‌ನಲ್ಲಿ ಇಂದ, ಗೆ, ದಿನಾಂಕ ಅದೇ ಹಾಕಿಕೊಳ್ಳುತ್ತೆ, ಅಷ್ಟೇ ವ್ಯತ್ಯಾಸ.

ನನ್ನ ಅನುಭವದಲ್ಲಿ ಜನ ಬಿಟ್ಟುಬಿಡೋದು ಉಲ್ಲೇಖವನ್ನೇ. ಹಿಂದೆ ಯಾವತ್ತು ಬರೆದಿರಿ, ಯಾವ ನಂಬರ್ ಕೊಟ್ಟರು. ಅದೊಂದಿದ್ದರೆ ಫೈಲ್ ತಾನಾಗಿ ಎದ್ದು ಬರುತ್ತೆ.

ಹಳೇ ಬೂಟು
1. ಮೇಲಿನವರು ಹೇಳಿದ್ದು ಸರಿ.
2. ಸೈನ್ಯದಲ್ಲಿ ಪತ್ರದ ಪ್ಯಾರಾಗಳಿಗೆ ನಂಬರ್ ಹಾಕುತ್ತೇವೆ. ಉತ್ತರ ಕೊಡುವವನು 'ನಿಮ್ಮ ಪ್ಯಾರಾ 3ಕ್ಕೆ ಸಂಬಂಧಿಸಿದಂತೆ' ಅಂದರೆ ಸಾಕು. ತಪ್ಪಿಸಿಕೊಳ್ಳಲು ಆಗಲ್ಲ.
3. ಒಂದು ಪ್ಯಾರಾ, ಒಂದು ವಿಷಯ.
4. ಹೆಂಡತಿಗೆ ಬರೆಯುವಾಗ ನಂಬರ್ ಹಾಕಬಾರದು. ಅನುಭವದಿಂದ ಹೇಳುತ್ತಿದ್ದೇನೆ.

ಸುಮ್ನೆ ಬಂದೆ
ಸುಬೇದಾರ್ ಸಾರ್, ಪ್ಯಾರಾ 4ಕ್ಕೆ ಸಂಬಂಧಿಸಿದಂತೆ ಹೆಚ್ಚಿನ ವಿವರ ಕೋರಿದೆ.

ಕಣದಲ್ಲಿ ಕಾಫಿ
ಸಿದ್ದಾಪುರದಿಂದ. 'ಡು ದ ನೀಡ್‌ಫುಲ್' ಬಗ್ಗೆ ನಗಬೇಡಿ, ಅದೂ ಬ್ರಿಟಿಷರೇ ಬಿಟ್ಟು ಹೋದದ್ದು. ಈಗ ಅವರಿಗೆ ಮರೆತಿದೆ, ನಮಗೆ ನೆನಪಿದೆ. ನನಗೆ ಬಿದ್ದ ಪೆಟ್ಟು ಬೇರೆ ಪದದ್ದು.

ಜರ್ಮನಿಯಲ್ಲಿ ಕಾಫಿ ಬೀಜ ಹುರಿದು ಮಾರುವ ಒಬ್ಬ ಸಣ್ಣ ರೋಸ್ಟರ್‌ಗೆ ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣ ಬೀಜ) ಸ್ಯಾಂಪಲ್ ಕಳಿಸಿದ್ದೆ. ಮೊದಲು ಒಂದು ರೇಟ್ ಹೇಳಿದ್ದೆ, ಆಮೇಲೆ ಮಾರುಕಟ್ಟೆ ಏರಿದ ಮೇಲೆ ಹೊಸ ರೇಟ್ ಬರೆದು 'ಪ್ಲೀಸ್ ರಿವರ್ಟ್ ಆನ್ ದ ಪ್ರೈಸ್' ಅಂದೆ. ರೇಟ್ ಬಗ್ಗೆ ಉತ್ತರ ಕೊಡಿ ಅಂತ ನನ್ನ ಅರ್ಥ. ರಿವರ್ಟ್ ಅಂದರೆ ಹಿಂದಿನ ಸ್ಥಿತಿಗೆ ಮರಳುವುದು ಅಂತ ಅವನ ಅರ್ಥ. 'ಥ್ಯಾಂಕ್ಯೂ, ಹಳೇ ರೇಟಿಗೇ ಮರಳೋಣ, ನಮಗೂ ಖುಷಿ' ಅಂತ ಬರೆದ! ಅದನ್ನು ಬಿಡಿಸೋಕೆ ನಾಲ್ಕು ಮೇಲ್ ಬೇಕಾಯಿತು. ಅವತ್ತಿನಿಂದ 'ಪ್ಲೀಸ್ ರಿಪ್ಲೈ' ಅಷ್ಟೇ.

ಸೀಮೆಸುಣ್ಣ
ಹಾಗೇ 'ರಿವರ್ಟ್ ಬ್ಯಾಕ್' ಅಂತ ಬೇರೆ ಬರೆಯುತ್ತಾರೆ. ಹಿಂದಕ್ಕೆ ಹಿಂದಿರುಗಿ! 'ಡಿಸ್ಕಸ್ ಅಬೌಟ್' ಕೂಡ. ಡಿಸ್ಕಸ್‌ನಲ್ಲೇ ಅಬೌಟ್ ಇದೆ.

ಗೋಣಿಕೊಪ್ಪ ಡಿಗ್ರಿ
'ಔಟ್ ಆಫ್ ಸ್ಟೇಷನ್' ಬರೆಯಬಹುದಾ? ನಮ್ಮ ಲೆಕ್ಚರರ್ ಹೊಡೆದು ಹಾಕಿದರು.

ಸುಮ್ನೆ ಬಂದೆ
ಕೊಡಗಿನಲ್ಲಿ ರೈಲೇ ಇಲ್ಲ. ಹುಟ್ಟಿದಾಗಿನಿಂದ ನಾವೆಲ್ಲ ಔಟ್ ಆಫ್ ಸ್ಟೇಷನ್ನೇ.

ಹಳೇ ಬೂಟು
ತಮಾಷೆ ಸಾಕು. ಅದು ರೈಲ್ವೆ ಸ್ಟೇಷನ್ ಅಲ್ಲ. ಸೈನಿಕರು, ಅಧಿಕಾರಿಗಳು ಇರುವ ಊರಿಗೆ ಸ್ಟೇಷನ್ ಅನ್ನುವುದು. ನಮ್ಮಲ್ಲಿ ಈಗಲೂ ನಡೆಯುತ್ತೆ. ಹೊರಗಿನವರಿಗೆ ಬರೆಯುವಾಗ 'ಔಟ್ ಆಫ್ ಟೌನ್' ಅಂದರೆ ಎಲ್ಲರಿಗೂ ತಿಳಿಯುತ್ತೆ.

ಮಳೆಮನೆ ಕಕ್ಕಬ್ಬೆ
ಅಯ್ಯೋ, ಇಷ್ಟೊಂದಿದೆಯಾ! ಒಂದು ಕೇಳ್ತೀನಿ. ಡಿಯರ್ ಅಂತ ಹಾಕಬೇಕು ಅಂತ ಮಗಳು ಹೇಳ್ತಾಳೆ. ಗುರುತು ಪರಿಚಯ ಇಲ್ಲದವನಿಗೆ ಡಿಯರ್ ಅನ್ನೋಕೆ ನನಗೆ ಏನೋ ಒಂಥರಾ. ಫೇತ್‌ಫುಲಿ ಹಾಕೋದಾ, ಸಿನ್ಸಿಯರ್ಲಿ ಹಾಕೋದಾ?

ಸೀಮೆಸುಣ್ಣ
ಡಿಯರ್ ಅಂದರೆ ಅಲ್ಲಿ ಪ್ರೀತಿ ಇಲ್ಲ ತಂಗೀ, ನಮ್ಮ 'ಮಾನ್ಯರೇ' ಇದ್ದಂತೆ. ಧೈರ್ಯವಾಗಿ ಹಾಕಿ.

ಉಳಿದದ್ದಕ್ಕೆ ಮಕ್ಕಳಿಗೆ ಒಂದು ಸೂತ್ರ ಹೇಳಿಕೊಡುತ್ತಿದ್ದೆ: ಎರಡು 'ಸ' ಒಂದೇ ಮನೆಯಲ್ಲಿ ಬಾಳಲ್ಲ. ಮೇಲೆ 'ಸರ್' ಇದ್ದರೆ ಕೆಳಗೆ 'ಸಿನ್ಸಿಯರ್ಲಿ' ಬೇಡ, 'ಫೇತ್‌ಫುಲಿ' ಹಾಕಿ. ಮೇಲೆ ಹೆಸರು ಹಿಡಿದು ಕರೆದಿದ್ದರೆ ಕೆಳಗೆ 'ಸಿನ್ಸಿಯರ್ಲಿ'. ಇದು ಬ್ರಿಟಿಷ್ ಕ್ರಮ. ಅಮೆರಿಕದವರು ಎಲ್ಲದಕ್ಕೂ ಸಿನ್ಸಿಯರ್ಲಿ ಅಂತಾರೆ. 'ಯುವರ್ಸ್'ನಲ್ಲಿ ಎಸ್‌ಗೆ ಮುಂಚೆ ಅಪಾಸ್ಟ್ರಫಿ ಹಾಕಬೇಡಿ, ನಿಮ್ಮ ಕಾಲು ಹಿಡಿಯುತ್ತೇನೆ. ಮೂವತ್ತೊಂದು ವರ್ಷ ಅದನ್ನು ಕೆಂಪು ಶಾಯಿಯಲ್ಲಿ ಸುತ್ತಿ ಸುತ್ತಿ ಸಾಕಾಗಿದೆ.

ನಾಪೋಕ್ಲು ಹುಡುಗ
ಸಾರ್, ಈಗ ಆಫೀಸ್‌ಗಳಲ್ಲಿ ಇದೆಲ್ಲಾ ಯಾರೂ ನೋಡಲ್ಲ. 'ರಿಗಾರ್ಡ್ಸ್' ಹಾಕಿ ಕಳಿಸೋದೇ. ಫೇತ್‌ಫುಲಿ ಹಾಕಿದರೆ ಅಜ್ಜ ಬರೆದ ಹಾಗಿರುತ್ತೆ.

ಸೀಮೆಸುಣ್ಣ
ಅಜ್ಜ ಬರೆದ ಹಾಗಿದ್ದರೆ ತಪ್ಪೇನು? ದೂರು ಕೊಡುವಾಗ, ಬ್ಯಾಂಕಿಗೆ ಬರೆಯುವಾಗ ಫೇತ್‌ಫುಲಿಯೇ ಇರಲಿ. ದಿನಾ ಮೇಲ್ ಮಾಡಿಕೊಳ್ಳುವವರಿಗೆ ನಿಮ್ಮ ರಿಗಾರ್ಡ್ಸ್.

ಹಳೇ ಬೂಟು
ಹೆಸರು ಹಿಡಿದು ಕರೆಯುವುದರಲ್ಲಿ ನಮ್ಮವರಿಗೆ ಒಂದು ತೊಡಕು ಇದೆ. 'ಮಿಸ್ಟರ್' ಆದ ಮೇಲೆ ಕೊನೆಯ ಹೆಸರು ಹಾಕಬೇಕು, ಅದೇ ಮನೆತನದ ಹೆಸರು ಅಂತ ಇಂಗ್ಲಿಷಿನವರ ಲೆಕ್ಕ. ಕೊಡವರಲ್ಲಿ ಮನೆತನದ ಹೆಸರು ಮುಂದೆ ಬರುತ್ತೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನರಲ್ ತಿಮ್ಮಯ್ಯನವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೊಡಂದೇರ ಮನೆತನ, ಕೊನೆಯದು ಅವರದೇ ಹೆಸರು. ಹಾಗಾಗಿ ವಿದೇಶದ ಫಾರಂನಲ್ಲಿ ಸರ್‌ನೇಮ್ ಅಂತ ಕೇಳಿದರೆ ನಮ್ಮ ಹುಡುಗರು ಒಂದೊಂದು ಕಡೆ ಒಂದೊಂದು ತುಂಬುತ್ತಾರೆ. ಆಮೇಲೆ ಕಾಗದಪತ್ರ ಒಂದಕ್ಕೊಂದು ತಾಳೆ ಆಗದೆ ಒದ್ದಾಡುತ್ತಾರೆ.

ಕಣದಲ್ಲಿ ಕಾಫಿ
ಸತ್ಯ. ನನ್ನ ಜರ್ಮನ್ ಗಿರಾಕಿ ನನ್ನ ಇನಿಶಿಯಲ್ ಬಿಡಿಸಿ ಬರೆಸಿಕೊಂಡು, ಒಂದು ವರ್ಷ ನನ್ನ ಅಪ್ಪನ ಹೆಸರಿಗೆ ಪತ್ರ ಬರೆದ.

ಗೋಣಿಕೊಪ್ಪ ಡಿಗ್ರಿ
ಇಷ್ಟೆಲ್ಲಾ ಯಾಕೆ, ಎಐಗೆ ಹೇಳಿದರೆ ಎರಡು ಸೆಕೆಂಡಿನಲ್ಲಿ ಬರೆದುಕೊಡುತ್ತೆ.

ನಾಪೋಕ್ಲು ಹುಡುಗ
ಕೊಡುತ್ತೆ. 'ಐ ಹೋಪ್ ದಿಸ್ ಈಮೇಲ್ ಫೈಂಡ್ಸ್ ಯು ವೆಲ್' ಅಂತ ಶುರು ಮಾಡಿ ನಾಲ್ಕು ಪ್ಯಾರಾ. ಮೇಷ್ಟ್ರ ಕಾಲದ 'ಬೆಗ್ ಟು ಸ್ಟೇಟ್' ಹೊಸ ಶರ್ಟ್ ಹಾಕಿಕೊಂಡು ಬಂದಿದೆ, ಅಷ್ಟೇ.

ಗೋಣಿಕೊಪ್ಪ ಡಿಗ್ರಿ
ಅದೂ ಹೌದು. ನಾನು ಒಂದು ಕೆಲಸಕ್ಕೆ ಹಾಗೇ ಅಪ್ಲಿಕೇಶನ್ ಕಳಿಸಿದೆ. ಕಳಿಸಿದ ಮೇಲೆ ನೋಡಿದರೆ ಕೊನೆಯಲ್ಲಿ 'ಇಲ್ಲಿ ನಿಮ್ಮ ಹೆಸರು ಬರೆಯಿರಿ' ಅಂತ ಇಂಗ್ಲಿಷ್‌ನಲ್ಲಿ ಹಾಗೇ ಇತ್ತು. ಸಂದರ್ಶನಕ್ಕೆ ಕರೆಯಲಿಲ್ಲ ಅಂತ ಬೇರೆ ಹೇಳಬೇಕಾ.

ಕಣದಲ್ಲಿ ಕಾಫಿ
ತಾರೀಖಿನ ವಿಚಾರ ಯಾರೂ ಹೇಳಲಿಲ್ಲ. ನಮ್ಮ ಪಕ್ಕದ ತೋಟದವರಿಗೂ ಹೋಮ್‌ಸ್ಟೇ ಇದೆ. ಅಮೆರಿಕದ ಗಂಡ ಹೆಂಡತಿ 04/05ಕ್ಕೆ ಬರುತ್ತೇವೆ ಅಂತ ಮೇಲ್ ಹಾಕಿದರು. ಇವರು ಮೇ 4 ಅಂತ ಬರೆದುಕೊಂಡರು. ಅವರಿಗೆ ಅದು ಏಪ್ರಿಲ್ 5. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಏಪ್ರಿಲ್ 5ರ ಸಂಜೆ ಗೇಟ್ ಮುಂದೆ ಟ್ಯಾಕ್ಸಿ! ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿ ಘಮ್ ಅಂತಿತ್ತು. ಒಳಗೆ ಮಾತ್ರ ರೂಮಿನ ತುಂಬ ಮೆಣಸಿನ ಮೂಟೆ. ಅವರು ಆ ಹೂವು ನೋಡಿಯೇ ಸಮಾಧಾನ ಆದರಂತೆ. ನಿಮ್ಮ ಅದೃಷ್ಟ ಹಾಗಿರಬೇಕು ಅಂತಿಲ್ಲ, ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಹಾರಂಗಿ ನೀರು
ವಿಳಾಸದಲ್ಲಿ ಕೊಡಗು ಅಂತ ಹಾಕಿ, ದಯವಿಟ್ಟು 'ಕೂರ್ಗ್' ಬೇಡ. ಮರ್ಕೆರಾ ಹೋಗಿ ಮಡಿಕೇರಿ ಆಗಿ ಎಷ್ಟು ಕಾಲ ಆಯಿತು.

ಕಣದಲ್ಲಿ ಕಾಫಿ
ವಿಳಾಸಕ್ಕೆ ಕೊಡಗು ಸರಿ. ಆದರೆ ನಮ್ಮ ಕಾಫಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಹೆಸರೇ 'ಕೂರ್ಗ್ ಅರೇಬಿಕಾ ಕಾಫಿ'. ಗಿರಾಕಿಗೆ ಬರೆಯುವಾಗ ಅದನ್ನು ನಾನು ಬದಲಾಯಿಸೋಕಾಗುತ್ತಾ?

ಹಾರಂಗಿ ನೀರು
ಆ ಹೆಸರು ಕೊಟ್ಟವರನ್ನು ಕೇಳಬೇಕು.

ಸುಮ್ನೆ ಬಂದೆ
ಇಂಗ್ಲಿಷ್‌ನಲ್ಲಿ ಒಂದು ಮೇಲ್ ಹಾಕಿ ಕೇಳಿ.

ಮಳೆಮನೆ ಕಕ್ಕಬ್ಬೆ
ಎಲ್ಲರ ಮಾತು ಕೇಳಿ ಮಗಳೂ ನಾನೂ ಕೂತು ಹೊಸದಾಗಿ ಬರೆದಿದ್ದೇವೆ. ಬುಕಿಂಗ್ ನಂಬರ್ ಇಲ್ಲಿ ಬಿಟ್ಟಿದ್ದೇನೆ. ನೋಡಿ ಹೇಳಿ.

ಸಬ್ಜೆಕ್ಟ್: ಪೇಮೆಂಟ್ ನಾಟ್ ರಿಸೀವ್ಡ್, ಬುಕಿಂಗ್ ನಂಬರ್ ಇಷ್ಟು, ₹18,400

ಡಿಯರ್ ಸರ್ ಆರ್ ಮೇಡಂ,
ಐ ಹ್ಯಾವ್ ನಾಟ್ ರಿಸೀವ್ಡ್ ₹18,400 ಫಾರ್ ದಿಸ್ ಬುಕಿಂಗ್. ದ ಗೆಸ್ಟ್ಸ್ ಸ್ಟೇಯ್ಡ್ ಫಾರ್ ಟು ನೈಟ್ಸ್ ಅಂಡ್ ಲೆಫ್ಟ್ ಆನ್ 16 ಜೂನ್. ಐ ರೋಟ್ ಟು ಯು ಆನ್ 24 ಜೂನ್, 1 ಜುಲೈ ಅಂಡ್ 8 ಜುಲೈ.
ಪ್ಲೀಸ್ ಪೇ ದ ಅಮೌಂಟ್ ಬೈ 25 ಜುಲೈ, ಆರ್ ಟೆಲ್ ಮಿ ಇನ್ ರೈಟಿಂಗ್ ವೈ ಇಟ್ ಹ್ಯಾಸ್ ನಾಟ್ ಬೀನ್ ಪೇಯ್ಡ್.
ಐ ಹ್ಯಾವ್ ಅಟ್ಯಾಚ್ಡ್ ದ ಬುಕಿಂಗ್ ಕನ್ಫರ್ಮೇಷನ್ ಅಂಡ್ ದ ರಿಜಿಸ್ಟರ್ ಪೇಜ್.
ಯುವರ್ಸ್ ಫೇತ್‌ಫುಲಿ,

ಸೀಮೆಸುಣ್ಣ
ಹತ್ತಕ್ಕೆ ಹತ್ತು. ಕೆಂಪು ಶಾಯಿಗೆ ಕೆಲಸವೇ ಇಲ್ಲ.

ಹಳೇ ಬೂಟು
ಪ್ಯಾರಾಗಳಿಗೆ ನಂಬರ್ ಇಲ್ಲ. ಆದರೂ ಒಪ್ಪಿಗೆ.

ನಾಪೋಕ್ಲು ಹುಡುಗ
ಸೂಪರ್ ಅಕ್ಕ. 'ಬೈ 25 ಜುಲೈ' ಇದೆಯಲ್ಲ, ಅದೇ ಜೀವ. 'ಅಟ್ ದ ಅರ್ಲಿಯೆಸ್ಟ್' ಅಂದರೆ ಯಾವತ್ತೂ ಬರದ ದಿನ. ಒಂದೇ ಮಾತು, ಮೊದಲು ಫೈಲ್ ಅಟ್ಯಾಚ್ ಮಾಡಿ, ಆಮೇಲೆ ಬರೆಯಿರಿ, ವಿಳಾಸ ಕೊನೆಗೆ ಹಾಕಿ. ಆಗ ಅರ್ಧಂಬರ್ಧ ಮೇಲ್ ಹಾರಿಹೋಗಲ್ಲ.

ಟಪ್ಪಾಲು
ರಿಜಿಸ್ಟರ್ ಪುಟದಲ್ಲಿ ಬೇರೆ ಅತಿಥಿಗಳ ಹೆಸರು, ಫೋನ್, ಆಧಾರ್ ನಂಬರ್ ಇರುತ್ತೆ ಅಲ್ವಾ? ಹಾಳೆ ಮುಚ್ಚಿ ನಿಮಗೆ ಬೇಕಾದ ಸಾಲು ಮಾತ್ರ ಫೋಟೋ ತೆಗೆಯಿರಿ.

ಗೋಣಿಕೊಪ್ಪ ಡಿಗ್ರಿ
ಹಣ ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಗ್ರಾಹಕ ಸಹಾಯವಾಣಿ. ಮೇಲ್‌ನಲ್ಲೂ ಅದನ್ನು ಬರೆದು ಹೆದರಿಸಿ.

ಟಪ್ಪಾಲು
ಅಲ್ಲಿ ಗ್ರಾಹಕರು ಯಾರು? ಇವರು ವ್ಯಾಪಾರ ಮಾಡುವವರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕಾಗಿ ಪಡೆದ ಸೇವೆ ಹೊರಗೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ವಿನಾಯಿತಿ ಇದೆ. ಮೂರು ರೂಮಿನ ಹೋಮ್‌ಸ್ಟೇ ಅದರಲ್ಲಿ ಬರುತ್ತೆ ಅಂತ ವಾದ ಮಾಡಬಹುದು, ಆದರೆ ಮೊದಲ ಮೇಲ್‌ನಲ್ಲೇ ಹೆದರಿಸೋಕೆ ಹೋಗಬೇಡಿ.

ಮಳೆಮನೆ ಕಕ್ಕಬ್ಬೆ
ಒಂದು ವಿಷಯ ಹೇಳಬೇಕು, ಯಾರೂ ಬೈಯಬಾರದು. ನಾಪೋಕ್ಲು ಹುಡುಗ ಹೇಳಿದ ಹಾಗೆ ಹಳೇ ಮೇಲ್‌ಗೆ ರಿಪ್ಲೈ ಹಾಕೋಣ ಅಂತ ಹುಡುಕಿದೆವು. ಜುಲೈ 1ರದ್ದು, 8ರದ್ದು ಎರಡೂ ಔಟ್‌ಬಾಕ್ಸ್‌ನಲ್ಲೇ ಕೂತಿವೆ. ಹೋಗೇ ಇಲ್ಲ. ಆ ಎರಡೂ ವಾರ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಾನು ಕಳಿಸು ಒತ್ತಿ ಕೊಟ್ಟಿಗೆಗೆ ಹೋಗಿದ್ದೆ.

ಸುಮ್ನೆ ಬಂದೆ
ಮೇಷ್ಟ್ರೇ, ಔಟ್‌ಬಾಕ್ಸ್‌ಗೆ ಫೇತ್‌ಫುಲಿನಾ, ಸಿನ್ಸಿಯರ್ಲಿನಾ?

ಹಳೇ ಬೂಟು
ರವಾನೆ ಆಯಿತೋ ಇಲ್ಲವೋ ನೋಡುವುದೂ ಬರೆಯುವವನ ಕೆಲಸ. ನಮ್ಮಲ್ಲಾದರೆ ಶಿಕ್ಷೆ ಆಗುತ್ತಿತ್ತು.

ಸೀಮೆಸುಣ್ಣ
ಹಾಗಾದರೆ ಪತ್ರದಲ್ಲಿ ಆ ಎರಡು ತಾರೀಖು ತೆಗೆಯಿರಿ. ಜೂನ್ 24 ಮಾತ್ರ ಇರಲಿ. ಹತ್ತಕ್ಕೆ ಎಂಟು.

ಮಳೆಮನೆ ಕಕ್ಕಬ್ಬೆ
ಕಳಿಸಿದೆ. ಮಗಳ ಫೋನಿನಿಂದ ಗುಡ್ಡದ ಮೇಲೆ ನಿಂತು, 'ಸೆಂಟ್' ಅಂತ ಕಂಡ ಮೇಲೆಯೇ ಕೆಳಗೆ ಇಳಿದದ್ದು.

ಮಳೆಮನೆ ಕಕ್ಕಬ್ಬೆ
ಮೂರನೇ ದಿನಕ್ಕೆ ಉತ್ತರ ಬಂತು! ಬ್ಯಾಂಕಿನಲ್ಲಿ ನನ್ನ ಹೆಸರು ಮನೆತನದ ಹೆಸರು ಸಮೇತ ಪೂರ್ತಿ ಇದೆ, ಹೋಮ್‌ಸ್ಟೇ ಖಾತೆಯಲ್ಲಿ ಬರೀ ಇನಿಶಿಯಲ್. ಎರಡೂ ತಾಳೆ ಆಗದೆ ದುಡ್ಡು ವಾಪಸ್ ಹೋಗಿದೆಯಂತೆ. ಸುಬೇದಾರ್ ಸಾರ್ ಹೇಳಿದ್ದೇ ಆಯಿತು ನೋಡಿ.

ಅವರ ಮೇಲ್ ಶುರುವಾಗೋದು 'ಡಿಯರ್ ಸರ್' ಅಂತ, ನಾನು ಹೆಂಗಸು ಅಂತ ಸಹಿಯಲ್ಲೇ ಇದ್ದರೂ. ಕೊನೆಯ ಸಾಲು ಹಾಗೇ ಬರೆಯುತ್ತೇನೆ: 'ಕೈಂಡ್ಲಿ ಶೇರ್ ಎ ಕ್ಯಾನ್ಸಲ್ಡ್ ಚೆಕ್ ಅಂಡ್ ಡು ದ ನೀಡ್‌ಫುಲ್.'

ಕಣದಲ್ಲಿ ಕಾಫಿ
ರಿವರ್ಟ್ ಮಾಡಿ ಅಕ್ಕ, ರಿವರ್ಟ್ ಮಾಡಿ.